ಏಣು ದಾಟದೆ ಹಿಂದಿರುಗಿದ ಹ್ಯಾಂಗ್ ಗ್ಲೈಡರ್ ಪೈಲಟ್‌ಗೆ ಒಂದು ಉತ್ತರ

ಪ್ರಶ್ನೆ: ಮೂರು ವರ್ಷಗಳಿಂದ ಹ್ಯಾಂಗ್ ಗ್ಲೈಡಿಂಗ್ ಮಾಡುತ್ತಿದ್ದೇನೆ. ಈವರೆಗೆ ಸುಮಾರು 90 ಗಂಟೆ ಹಾರಿದ್ದು, ಅದರಲ್ಲಿ ಬಹುಪಾಲು ಒಂದೇ ಬೆಟ್ಟದ ಮುಂದೆ, ಪರಿಚಿತ ಇಳಿದಾಣದ ಮೇಲೆಯೇ ಕಳೆದಿದೆ. ನಮ್ಮ ಹಾರುದಾಣ 1,400 ಮೀಟರ್ ಎತ್ತರದಲ್ಲಿದೆ. ಅದರ ಹಿಂದೆ 2,200 ಮೀಟರಿನ ಒಂದು ಏಣು, ಅಂದರೆ ಬೆಟ್ಟಸಾಲಿನ ನೆತ್ತಿ; ಏಣಿನಾಚೆ ಸುಮಾರು 9 ಕಿಲೋಮೀಟರ್ ಅಗಲದ ಕಣಿವೆ; ಕಣಿವೆಯ ತಳ 600 ಮೀಟರ್. ಆ ಕಣಿವೆಗೆ ನಾನು ರಸ್ತೆಯ ಮೂಲಕವೂ ಒಮ್ಮೆಯೂ ಹೋಗಿಲ್ಲ. ಕಳೆದ ಋತುವಿನ ಒಂದು ಮಧ್ಯಾಹ್ನ ಏಣಿನ ಮೇಲೆ 2,900 ಮೀಟರಿಗೆ ಏರಿದ್ದೆ; ಮೋಡದ ತಳ 3,100 ಮೀಟರಿನ ಆಸುಪಾಸಿನಲ್ಲಿತ್ತು. ಜೊತೆಗಿದ್ದ ಇಬ್ಬರು ದಾಟಿ ಹೋದರು. ನಾನು ಐದಾರು ಸುತ್ತು ಅಲ್ಲಿಯೇ ತಿರುಗಿ, ಧೈರ್ಯ ಸಾಲದೆ ಹಿಂದಿರುಗಿ ಇಳಿದೆ. ಮುಂದಿನ ತಿಂಗಳು ಬೇರೊಂದು ಪರ್ವತಸಾಲಿನಲ್ಲಿ ಅದೇ ಗೆಳೆಯರ ಬೆನ್ನುಹತ್ತಿ 38 ಕಿಲೋಮೀಟರ್ ಹಾರಿದೆ. ಇಳಿದಾಗ ಸಂತೋಷಕ್ಕಿಂತ ಆಯಾಸವೇ ಹೆಚ್ಚಾಗಿತ್ತು. ಅಂದು ಹಿಂದಿರುಗಿದ್ದು ಹೇಡಿತನವೇ? ಎತ್ತರವಿದ್ದರೆ ಅಪಾಯವಿಲ್ಲ ಎಂದು ಹಿರಿಯ ಪೈಲಟ್ ಒಬ್ಬರು ಹೇಳುತ್ತಾರೆ; ಬೆಟ್ಟದ ಮೇಲಿನ ‘ಏರ್ ಪಾಕೆಟ್’ಗಳು ಗ್ಲೈಡರನ್ನು ಮಗುಚಿಹಾಕುತ್ತವೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾರನ್ನು ನಂಬಲಿ? ಪರ್ವತಗಳ ಮೇಲೆ ಮನಸ್ಸಿಗೆ ತೃಪ್ತಿ ಕೊಡುವ ಒಂದು ದೂರದ ಹಾರಾಟ ನನಗೆ ಸಾಧ್ಯವೇ, ಅಥವಾ ಪ್ಯಾರಾಗ್ಲೈಡರಿಗೆ ಬದಲಾಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು, ನೀವು ನಡುವೆ ಎಲ್ಲೋ ಸಹಜವಾಗಿ ಬರೆದುಹೋದ ಒಂದು ವಾಕ್ಯದ ಮೇಲೆ: ಆ ಕಣಿವೆಗೆ ರಸ್ತೆಯ ಮೂಲಕವೂ ಒಮ್ಮೆಯೂ ಹೋಗಿಲ್ಲ. ನೀವು ಅದನ್ನು ಬರೀ ಮಾಹಿತಿಗಾಗಿ ಬರೆದಿರಬಹುದು. ನನ್ನ ಉತ್ತರದ ಬಹುಭಾಗ ಅದರಲ್ಲಿಯೇ ಇದೆ.

ಮೊದಲು ಆ ದಿನದ ಲೆಕ್ಕವನ್ನು ನೋಡೋಣ. ನಿಮ್ಮಂಥ ಮಧ್ಯಮ ದರ್ಜೆಯ ಗ್ಲೈಡರ್ ನಿಶ್ಚಲ ಗಾಳಿಯಲ್ಲಿ 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 12 ಮೀಟರ್ ಮುಂದೆ ಸಾಗುತ್ತದೆ ಎಂದು ಇಟ್ಟುಕೊಂಡರೆ, 9 ಕಿಲೋಮೀಟರ್ ಕಣಿವೆಯನ್ನು ದಾಟಲು 750 ಮೀಟರ್ ಎತ್ತರ ಖರ್ಚಾಗುತ್ತದೆ. 2,900ರಿಂದ ಹೊರಟವರು 2,150 ಮೀಟರಿನಲ್ಲಿ ಎದುರು ಸಾಲನ್ನು ಮುಟ್ಟುತ್ತಾರೆ. ಆದರೆ ಪರ್ವತಗಳ ನಡುವೆ ನಿಶ್ಚಲ ಗಾಳಿ ಎಂಬುದು ಕಾಗದದ ಮೇಲೆ ಮಾತ್ರ ಇರುತ್ತದೆ. ಇಳಿಗಾಳಿಯನ್ನೂ ಸ್ವಲ್ಪ ಎದುರುಗಾಳಿಯನ್ನೂ ಸೇರಿಸಿಕೊಂಡು ಜಾರುವಿಕೆಯನ್ನು 5ಕ್ಕೆ 1 ಎಂದು ಹಿಡಿದರೆ ಖರ್ಚು 1,800 ಮೀಟರಿಗೇರುತ್ತದೆ, ನೀವು ಎದುರು ಸಾಲನ್ನು ತಲುಪುವುದು 1,100 ಮೀಟರಿನಲ್ಲಿ, ಅಂದರೆ ಕಣಿವೆಯ ತಳದಿಂದ 500 ಮೀಟರ್ ಮೇಲೆ. ಹಾಗಾಗಿ ನಿಮ್ಮ ಗೆಳೆಯರು ಹುಚ್ಚು ಸಾಹಸವನ್ನೇನೂ ಮಾಡಲಿಲ್ಲ, ದಾಟಲು ಎತ್ತರವಿತ್ತು. ನಿಮಗೂ ಇತ್ತು. ಇಲ್ಲದಿದ್ದದ್ದು, ಕೆಟ್ಟ ಲೆಕ್ಕವೇ ನಿಜವಾಗಿ ಆ 500 ಮೀಟರಿನಲ್ಲಿ ಏರುಗಾಳಿ ಸಿಗದೆ ಹೋದರೆ ಎಲ್ಲಿ ಇಳಿಯುವುದು ಎಂಬ ಪ್ರಶ್ನೆಗೆ ಉತ್ತರ. ಅವರಿಗೆ ಆ ಉತ್ತರ ಗೊತ್ತಿದ್ದಿರಬಹುದು, ಗೊತ್ತಿಲ್ಲದೆಯೂ ಹೋಗಿರಬಹುದು. ನಿಮಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲ ಎಂಬುದು ನಿಮ್ಮ ಮೈಗೆ ಗೊತ್ತಾಗಿತ್ತು. ಅದಕ್ಕೆ ನಾನು ಹೇಡಿತನ ಎಂಬ ಹೆಸರು ಕೊಡಲಾರೆ. ಐದಾರು ಸುತ್ತು ತಿರುಗಿ ಯೋಚಿಸಿದಿರಲ್ಲ, ಅಷ್ಟು ಹೊತ್ತು ಆ ಎತ್ತರವನ್ನು ಕಾಪಾಡಿಕೊಂಡು ನಿರ್ಧಾರಕ್ಕೆ ಬಂದ ಪೈಲಟ್ ಬಗ್ಗೆ ಶಿಕ್ಷಕನಾಗಿ ನನಗೆ ಯಾವ ದೂರೂ ಇಲ್ಲ.

ಇನ್ನು ನಿಮ್ಮ ಇಬ್ಬರು ಹಿತೈಷಿಗಳ ಮಾತು. ‘ಏರ್ ಪಾಕೆಟ್’ ಎಂಬ ಗಾಳಿಯಿಲ್ಲದ ಗುಂಡಿ ಆಕಾಶದಲ್ಲಿ ಎಲ್ಲಿಯೂ ಇಲ್ಲ. ಇರುವುದು ಕೆಳಮುಖವಾಗಿ ಹರಿಯುವ ಗಾಳಿ. ಥರ್ಮಲ್ ಎಂದರೆ ಕಾದ ನೆಲದಿಂದ ಮೇಲೇರುವ ಬಿಸಿಗಾಳಿ; ಪ್ರತಿಯೊಂದು ಥರ್ಮಲ್‌ನ ಸುತ್ತ ಅದರ ಜಾಗ ತುಂಬಲು ಗಾಳಿ ಇಳಿಯಲೇಬೇಕು, ಮತ್ತು ಕಣಿವೆಯ ನಡುಭಾಗದ ಮೇಲೆ ಇಂಥ ಇಳಿಗಾಳಿ ವಿಶಾಲವಾಗಿ ಹರಡಿರುತ್ತದೆ. ಅದರ ಪರಿಣಾಮವನ್ನು ಹೆದರಿಕೆಯ ಭಾಷೆಗಿಂತ ಅಂಕಿಗಳಲ್ಲಿ ಕಂಡರೆ ಉಪಯೋಗ ಹೆಚ್ಚು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನಿಮ್ಮ ಗ್ಲೈಡರ್ ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಸಾಗುತ್ತಾ 1.2 ಮೀಟರಿನಷ್ಟು ಇಳಿಯುತ್ತದೆ. ಗಾಳಿಯೇ ಸೆಕೆಂಡಿಗೆ 3 ಮೀಟರ್ ಇಳಿಯುತ್ತಿದ್ದರೆ ಒಟ್ಟು ಇಳಿತ 4.2 ಆಗಿ, 12ಕ್ಕೆ 1 ಇದ್ದ ಜಾರುವಿಕೆ 3.3ಕ್ಕೆ ಕುಸಿಯುತ್ತದೆ, ಇದರ ಮೇಲೆ 20 ಕಿಲೋಮೀಟರ್ ಎದುರುಗಾಳಿ ಇದ್ದರೆ 2ಕ್ಕೆ. ಈಗ ಬಾರ್, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಣದ ಅಡ್ಡಕೋಲನ್ನು, ಎಳೆದುಕೊಂಡು 70ಕ್ಕೆ ವೇಗ ಹೆಚ್ಚಿಸಿ: ಗ್ಲೈಡರಿನ ಸ್ವಂತ ಇಳಿತ ಸುಮಾರು 2 ಮೀಟರಿಗೆ ಏರಿದರೂ ಅದೇ ಎದುರುಗಾಳಿಯಲ್ಲಿ, ಅದೇ ಇಳಿಗಾಳಿಯಲ್ಲಿ ಜಾರುವಿಕೆ 2.8 ಆಗುತ್ತದೆ. ಕೆಳಗೆ ಬೀಳುತ್ತಿರುವಾಗ ಮೂತಿಯನ್ನು ಇನ್ನಷ್ಟು ಕೆಳಗೆ ಮಾಡುವುದು ಮನಸ್ಸಿಗೆ ಒಗ್ಗದ ಕೆಲಸ. ಹೊಸಬರು ಇಳಿಗಾಳಿಯಲ್ಲಿ ಬಾರನ್ನು ಮುಂದೆ ತಳ್ಳಿ ನಿಧಾನಗೊಳಿಸುತ್ತಾರೆ, ನಿಧಾನಗೊಂಡಷ್ಟೂ ಇಳಿಗಾಳಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತಾರೆ, ಆಮೇಲೆ ‘ಪಾಕೆಟ್ಟಿಗೆ ಸಿಕ್ಕಿಬಿದ್ದೆ’ ಎನ್ನುತ್ತಾರೆ. ಯಾವ ಗಾಳಿಯಲ್ಲಿ ಎಷ್ಟು ವೇಗ ಎಂಬ ಈ ಲೆಕ್ಕವನ್ನು ಗ್ಲೈಡರ್ ಪೈಲಟ್‌ಗಳು ಸುಲಭವಾಗಿ ಬಳಸುವಂತೆ ಮಾಡಿದವರು ಪಾಲ್ ಮ್ಯಾಕ್ರೆಡಿ. ಮುಂದೆ 1977ರಲ್ಲಿ ಮನುಷ್ಯಬಲದಿಂದ ಹಾರುವ ಗಾಸಮರ್ ಕಾಂಡೋರ್ ವಿಮಾನವನ್ನು ಯಶಸ್ವಿಗೊಳಿಸಿದವರೂ ಅವರೇ. ಏರಿಳಿತದ ವೇಗವನ್ನು ತೋರಿಸುವ ಇಂದಿನ ವೇರಿಯೋಮೀಟರುಗಳು ಈ ಲೆಕ್ಕವನ್ನು ತಾವೇ ಮಾಡಿ ತೋರಿಸುತ್ತವೆಯಾದರೂ, ತೋಳುಗಳು ಅದನ್ನು ಒಪ್ಪಿಕೊಳ್ಳಲು ಒಂದೆರಡು ಋತುಗಳಾದರೂ ಬೇಕು.

ಮಗುಚುವ ವಿಷಯದಲ್ಲಿ ಸತ್ಯಾಂಶವಿದೆ, ಆದರೆ ಕಾರಣ ಬೇರೆ. ಹ್ಯಾಂಗ್ ಗ್ಲೈಡರಿಗೆ ಬಾಲವಿಲ್ಲ. ಮೂತಿ ತೀರಾ ಕೆಳಗಾದಾಗ ಅದನ್ನು ಮತ್ತೆ ಎತ್ತುವ ಗುಣವನ್ನು ರೆಕ್ಕೆಯ ಹಿಂಬದಿಯ ಅಂಚನ್ನು ಮೇಲೆತ್ತಿ ಹಿಡಿಯುವ ಹಗ್ಗಗಳಿಂದಲೋ, ತುದಿಗಳ ಬಳಿಯ ಸ್ಪ್ರಾಗ್ ಎಂಬ ಕಡ್ಡಿಗಳಿಂದಲೋ ಪಡೆಯಲಾಗುತ್ತದೆ. ಪ್ರಮಾಣೀಕೃತ ಗ್ಲೈಡರಿನಲ್ಲಿ, ಈ ಹೊಂದಾಣಿಕೆಯನ್ನು ಯಾರೂ ಕೆಡಿಸದಿದ್ದಲ್ಲಿ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಬರುವುದು ನಮ್ಮ ನಿಯಂತ್ರಣದ ಬಗೆಯಿಂದ: ನಾವು ಗ್ಲೈಡರನ್ನು ತಿರುಗಿಸುವುದು, ಎತ್ತುವುದು ಎಲ್ಲವೂ ದೇಹದ ಭಾರವನ್ನು ಸರಿಸಿ. ಬಲವಾದ ಕ್ಷೋಭೆಯಲ್ಲಿ ಮೇಲಿರುವ ಗ್ಲೈಡರ್ ನಮ್ಮತ್ತ ಕುಸಿದಂತಾಗಿ, ನಾವು ನೇತಾಡುವ ಪಟ್ಟಿ ಸಡಿಲಗೊಂಡ ಆ ಕ್ಷಣದಲ್ಲಿ ಭಾರವೂ ಇರುವುದಿಲ್ಲ, ಹಾಗಾಗಿ ಹಿಡಿತವೂ ಇರುವುದಿಲ್ಲ. ನಿಧಾನವಾಗಿ, ಮೂತಿ ಎತ್ತಿಕೊಂಡು ಹಾರುತ್ತಿರುವಾಗ ಈ ಹೊಡೆತ ಬಿದ್ದರೆ ಅಪಾಯ ಅತಿ ಹೆಚ್ಚು. ಆದ್ದರಿಂದ ಒರಟು ಗಾಳಿಯಲ್ಲಿ ಬಾರನ್ನು ಗಟ್ಟಿಯಾಗಿ ಹಿಡಿದು ಸ್ವಲ್ಪ ಎಳೆದುಕೊಂಡೇ ಇರಬೇಕು. ತುರ್ತು ಪ್ಯಾರಾಶೂಟಿನ ಹಿಡಿಕೆ ಎಲ್ಲಿದೆ ಎಂಬುದು ಕಣ್ಣುಮುಚ್ಚಿದರೂ ಕೈಗೆ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಗಾಳಿ ಹುಟ್ಟುವ ಜಾಗಕ್ಕೇ ಹೋಗದಿರಬೇಕು.

ಆ ಜಾಗ ಗಾಳಿಯ ಮರೆ. ಮೇಲ್ಗಾಳಿ ಏಣನ್ನು ದಾಟಿ ಆಚೆಬದಿಗೆ ಬೀಳುವಲ್ಲಿ, ಬಂಡೆಯನ್ನು ದಾಟಿದ ಹೊಳೆನೀರು ಸುಳಿಯುವಂತೆ, ಗಾಳಿ ಉರುಳುತ್ತದೆ. ನಾವದನ್ನು ರೋಟರ್ ಎನ್ನುತ್ತೇವೆ. ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಏಣನ್ನು ದಾಟುವವರು ಎತ್ತರವಾಗಿ ದಾಟಬೇಕು, ಕಣಿವೆಗಿಂತ ಕಣಿವೆಗೆ ಚಾಚಿದ ಉಪಏಣುಗಳ ಬೆನ್ನಿನ ಮೇಲೆ ಸಾಗಬೇಕು, ತಗ್ಗಾದ ಕಣಿವೆಬಾಯಿಗಳ ಮೂಲಕ ನುಸುಳುವ ಆಸೆಯನ್ನು ಬಿಡಬೇಕು, ಏಕೆಂದರೆ ಇಕ್ಕಟ್ಟಿನಲ್ಲಿ ಗಾಳಿ ವೇಗ ಪಡೆಯುತ್ತದೆ. ಎದುರು ಸಾಲನ್ನು ಮುಟ್ಟುವಾಗಲೂ ಇದೇ ಪ್ರಶ್ನೆ: ನೀವು ತಲುಪುವ ಮುಖ ಬಿಸಿಲಿಗೂ ಗಾಳಿಗೂ ತೆರೆದಿದೆಯೇ, ಇಲ್ಲವೇ ಎರಡಕ್ಕೂ ಬೆನ್ನು ಹಾಕಿದೆಯೇ? ಬಿಸಿಲಿಗೆ ತೆರೆದು ಗಾಳಿಗೆ ಮರೆಯಾದ ಮುಖ ಎಲ್ಲಕ್ಕಿಂತ ಮೋಸದ್ದು. ಅಲ್ಲಿ ಥರ್ಮಲ್ ಖಂಡಿತ ಇರುತ್ತದೆ, ಬಲವಾಗಿಯೂ ಇರುತ್ತದೆ, ಅದರ ಅಂಚುಗಳು ಮಾತ್ರ ಹರಿದು ಚಿಂದಿಯಾಗಿರುತ್ತವೆ.

ಎತ್ತರವಿದ್ದರೆ ಅಪಾಯವಿಲ್ಲ ಎಂಬ ಹಿರಿಯರ ಮಾತು ಅರ್ಧ ಸತ್ಯ. ಎತ್ತರ ಕೊಡುವುದು ಸಮಯವನ್ನು. ಆ ಸಮಯದಲ್ಲಿ ಏನು ಮಾಡಬೇಕೆಂಬುದನ್ನು ಅದು ಹೇಳಿಕೊಡುವುದಿಲ್ಲ. ಮೇಲಕ್ಕೆ ಹೋದಂತೆ ಗಾಳಿಯ ವೇಗ ಸಾಮಾನ್ಯವಾಗಿ ಹೆಚ್ಚುತ್ತದೆ, ಚಳಿಗೆ ಬೆರಳುಗಳು ಮರಗಟ್ಟುತ್ತವೆ, 3,500 ಮೀಟರಿನ ಮೇಲೆ ಹೆಚ್ಚು ಹೊತ್ತು ಇದ್ದರೆ ಆಮ್ಲಜನಕದ ಕೊರತೆ ವಿವೇಚನೆಯನ್ನೇ ಮೊದಲು ಮಂಕಾಗಿಸುತ್ತದೆ. ವಿವೇಚನೆ ಮಂಕಾದವನಿಗೆ ತಾನು ಚೆನ್ನಾಗಿದ್ದೇನೆ ಎಂದೇ ಅನ್ನಿಸುತ್ತಿರುತ್ತದೆ. ಮೋಡದ ತಳಕ್ಕೆ ತಾಗಿಕೊಂಡು ಹಾರುವುದಂತೂ ಇನ್ನೊಂದು ಬಗೆಯ ಜೂಜು. 2007ರಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಪ್ಯಾರಾಗ್ಲೈಡರ್ ಪೈಲಟ್ ಇವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗುಮೋಡ ಒಳಕ್ಕೆಳೆದು 9,900 ಮೀಟರಿಗೂ ಮೇಲೆ ಕೊಂಡೊಯ್ದಿತ್ತು; ಪ್ರಜ್ಞೆ ತಪ್ಪಿದ್ದ ಅವರು ಬದುಕಿ ಬಂದದ್ದು ಅಪರೂಪದಲ್ಲಿ ಅಪರೂಪ, ಅದೇ ಬಿರುಗಾಳಿಯಲ್ಲಿ ಸಿಲುಕಿದ ಇನ್ನೊಬ್ಬ ಪೈಲಟ್ ಬದುಕಲಿಲ್ಲ. ಮಧ್ಯಾಹ್ನ ಅರಳೆಯಂತಿದ್ದ ಮೋಡಗಳ ಎತ್ತರ ಅವುಗಳ ಅಗಲವನ್ನು ಮೀರತೊಡಗಿದರೆ, ತಳ ಕಪ್ಪಾಗಿ ಒಂದಕ್ಕೊಂದು ಬೆಸೆದುಕೊಳ್ಳತೊಡಗಿದರೆ, ಎಷ್ಟೇ ಎತ್ತರವಿದ್ದರೂ ಹಾರಾಟ ಮುಗಿಯಿತೆಂದು ತಿಳಿಯಿರಿ. ಗುಡುಗುಮೋಡದ ಬುಡದಿಂದ ನುಗ್ಗಿ ಬರುವ ಬಿರುಗಾಳಿ ಹತ್ತಾರು ಕಿಲೋಮೀಟರ್ ದೂರದಲ್ಲಿರುವವರನ್ನೂ ಮುಟ್ಟಬಲ್ಲದು, ಹಾಗಾಗಿ ‘ಅದು ಇನ್ನೂ ಅಲ್ಲೆಲ್ಲೋ ಇದೆ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಅಂದಿನ 3,100 ಮೀಟರ್ ಮೋಡದ ತಳವನ್ನು ನೀವು ಬೆಳಿಗ್ಗೆಯೇ ಊಹಿಸಬಹುದಿತ್ತು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಹಾರುದಾಣದಲ್ಲಿ ನಿರೀಕ್ಷಿಸುವ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶವನ್ನು, ಕಳೆದು, ಉಳಿದ ಪ್ರತಿ ಡಿಗ್ರಿಗೆ 125 ಮೀಟರಿನಂತೆ ಗುಣಿಸಿದರೆ ಮೋಡದ ತಳ ಅಂದಾಜಿಗೆ ಸಿಗುತ್ತದೆ. 28 ಡಿಗ್ರಿ ಶಾಖ, 14 ಡಿಗ್ರಿ ಇಬ್ಬನಿ ಬಿಂದು ಎಂದಾದರೆ 14 ಗುಣಿಸು 125, ಅಂದರೆ ಹಾರುದಾಣದಿಂದ 1,750 ಮೀಟರ್ ಮೇಲೆ. ಬಿಸಿಗಾಳಿಯ ಗುಳ್ಳೆ ಏರುತ್ತಾ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಅದು ಬೆಚ್ಚಗಿರುವವರೆಗೆ ಏರುತ್ತಲೇ ಇರುತ್ತದೆ. ನಡುವೆ ಎಲ್ಲಾದರೂ ತಲೆಕೆಳಗಾದ ಉಷ್ಣಾಂಶದ ಪದರ, ಅಂದರೆ ಮೇಲಕ್ಕೆ ಹೋದಂತೆ ಬೆಚ್ಚಗಾಗುವ ಗಾಳಿ, ಇದ್ದರೆ ಅಲ್ಲಿಯೇ ನಿಲ್ಲುತ್ತದೆ. ಈ ಅಂದಾಜು ಕೈಯಲ್ಲಿದ್ದರೆ 2,900 ಮೀಟರ್ ಎಂಬುದು ಆ ದಿನ ಸಿಗಬಹುದಾದ ಎತ್ತರದ ಬಹುಪಾಲು ಎಂದು ನಿಮಗೆ ಗೊತ್ತಿರುತ್ತಿತ್ತು, ಇನ್ನಷ್ಟು ಸಿಕ್ಕೀತೆಂದು ಸುತ್ತುತ್ತಾ ಕಾಯುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ಕಣಿವೆಯ ತಳಕ್ಕೆ ಬರೋಣ. ಪರ್ವತ ಹಾರಾಟದ ಬಗ್ಗೆ ಮಾತಾಡುವವರೆಲ್ಲ ಶಿಖರಗಳ ಬಗ್ಗೆ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಪೆಟ್ಟುಗಳು ಹೆಚ್ಚಾಗಿ ಆಗುವುದು ಕೊನೆಯ 100 ಮೀಟರಿನಲ್ಲಿ. ಹಗಲು ಕಾದ ಇಳಿಜಾರುಗಳು ಗಾಳಿಯನ್ನು ಮೇಲಕ್ಕೆ ಕಳಿಸಿದಂತೆ, ಆ ಕೊರತೆಯನ್ನು ತುಂಬಲು ಬಯಲಿನಿಂದ ಕಣಿವೆಯೊಳಕ್ಕೆ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಈ ಕಣಿವೆಗಾಳಿ ಗಂಟೆಗೆ 30 ಕಿಲೋಮೀಟರನ್ನು ಮೀರುವುದು ವಿಶೇಷವೇನಲ್ಲ. ನಿಮ್ಮ ಗ್ಲೈಡರ್ ಆರಾಮವಾಗಿ ಹಾರುವ ವೇಗ 40ರ ಆಸುಪಾಸು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೇಲೆ 2,500 ಮೀಟರಿನಲ್ಲಿ ಪಶ್ಚಿಮದಿಂದ ಬೀಸುತ್ತಿದ್ದ ಗಾಳಿ ಕೆಳಗೆ ದಕ್ಷಿಣದಿಂದಲೋ, ನೇರ ವಿರುದ್ಧ ದಿಕ್ಕಿನಿಂದಲೋ ಬೀಸುತ್ತಿರಬಹುದು. ಎರಡು ಕಣಿವೆಗಳು ಕೂಡುವಲ್ಲಿ, ಕಣಿವೆ ಕಿರಿದಾಗುವಲ್ಲಿ, ಮರಗಳ ಸಾಲಿನ ಹಿಂದೆ ಗಾಳಿ ಅಡ್ಡಾದಿಡ್ಡಿಯಾಗುತ್ತದೆ. ಅಗಲವಾದ ಕಡೆ, ಕಣಿವೆಯ ನಡುವೆ, ಅಡ್ಡಿಗಳಿಂದ ದೂರ ಇರುವ ಹೊಲವನ್ನು ಮೊದಲೇ ಆರಿಸಿಟ್ಟುಕೊಳ್ಳುವುದು ಇದಕ್ಕಾಗಿಯೇ.

ನೆಲವನ್ನು ಮೇಲಿನಿಂದ ಓದುವುದು ಒಂದು ಪ್ರತ್ಯೇಕ ವಿದ್ಯೆ. ಐದಾರು ನೂರು ಮೀಟರ್ ಎತ್ತರದಿಂದ ಎಲ್ಲ ಹೊಲಗಳೂ ಸಮತಟ್ಟಾಗಿ ಕಾಣುತ್ತವೆ. ಅಷ್ಟು ಮೇಲಿಂದಲೂ ಇಳಿಜಾರು ಕಾಣಿಸಿತೆಂದರೆ ಅದು ನಿಜಕ್ಕೂ ಕಡಿದಾಗಿದೆ. ನನ್ನ ನಾಲ್ಕನೆಯ ವರ್ಷದಲ್ಲಿ ನಾನೊಂದು ಹಸಿರು ಹೊಲವನ್ನು ನೆಚ್ಚಿ ಇಳಿದಿದ್ದೆ. 60 ಮೀಟರಿಗೆ ಬಂದಾಗ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಯೆಂದು ತಿಳಿಯಿತು. ಬೇರೆಡೆ ಹೋಗುವಷ್ಟು ಎತ್ತರ ಉಳಿದಿರಲಿಲ್ಲ. ಒಂದು ಮೆಟ್ಟಿಲಿಗೆ ಅಡ್ಡಲಾಗಿ ಇಳಿದು ಬಾರಿನಿಂದ ರೆಕ್ಕೆಗೆ ಹೋಗುವ ಕೊಳವೆಗಳಲ್ಲಿ ಒಂದನ್ನು, ಡೌನ್‌ಟ್ಯೂಬನ್ನು, ಮುರಿದುಕೊಂಡೆ. ಭುಜದ ನೋವು ಮುಂದಿನ ಋತುವಿನವರೆಗೂ ಇತ್ತು. ಆ ಗದ್ದೆಯ ಪಕ್ಕದ ರಸ್ತೆಯಲ್ಲಿ ಹಿಂದಿನ ದಿನವೇ ವಾಹನದಲ್ಲಿ ಹಾದುಹೋಗಿದ್ದೆ, ತಲೆಯೆತ್ತಿ ನೋಡಿರಲಿಲ್ಲ, ಅಷ್ಟೆ. ತಂತಿಗಳ ವಿಷಯದಲ್ಲೂ ಹೀಗೆಯೇ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ. ಪ್ರತಿ ರಸ್ತೆಯ ಬದಿಗೂ ಪ್ರತಿ ಒಂಟಿಮನೆಗೂ ತಂತಿ ಇದ್ದೇ ಇರುತ್ತದೆಂದು ಭಾವಿಸಿ ಹಾರಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಕಿಕೊಟ್ಟ ಗೆರೆ ಇದು: ನೆಲದಿಂದ 300 ಮೀಟರಿಗೆ ಬಂದಾಗ ಹೊಲ ನಿರ್ಧಾರವಾಗಿರಬೇಕು, 150ರ ಕೆಳಗೆ ಥರ್ಮಲ್ ಸುತ್ತುವುದು ನಿಲ್ಲಬೇಕು, ಎಷ್ಟೇ ಆಸೆ ಹುಟ್ಟಿಸುವ ಏರುಗಾಳಿ ಸಿಕ್ಕರೂ ಸರಿ. ಈ ಗೆರೆಯನ್ನು ಮೀರಿಯೂ ಪಾರಾದವರ ಕಥೆಗಳನ್ನು ನೀವು ಕೇಳುತ್ತೀರಿ. ಪಾರಾಗದವರು ಕಥೆ ಹೇಳಲು ಬರುವುದಿಲ್ಲ.

ನಿಮ್ಮ 38 ಕಿಲೋಮೀಟರ್ ಹಾರಾಟ ಏಕೆ ಸಪ್ಪೆಯಾಯಿತು ಎಂಬುದಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದ ನಿಜವಾದ ಬೇಸರ ಅಲ್ಲಿದೆ ಎಂದು ನನ್ನ ಊಹೆ. ಮುಂದೆ ಹೋಗುವವರ ರೆಕ್ಕೆಗಳನ್ನೇ ನೋಡುತ್ತಾ ಹಾರಿದವನಿಗೆ ನೆಲ ಕಾಣುವುದಿಲ್ಲ, ಮೋಡ ಕಾಣುವುದಿಲ್ಲ. ಅವರು ಸುತ್ತಿದಲ್ಲಿ ಸುತ್ತಿ, ಅವರು ಹೊರಟಾಗ ಹೊರಟು, ಎಲ್ಲ ನಿರ್ಧಾರಗಳನ್ನೂ ಅವರಿಗೆ ಒಪ್ಪಿಸಿ, ಭಯವನ್ನು ಮಾತ್ರ ತನ್ನ ಬಳಿ ಇಟ್ಟುಕೊಂಡಿರುತ್ತಾನೆ. ಆಯಾಸವಾಗದೆ ಇನ್ನೇನು? ದೂರದ ಅಂಕಿ ಇದನ್ನು ಸರಿಪಡಿಸುವುದಿಲ್ಲ. ಕಿಲೋಮೀಟರುಗಳೇ ಬೇಕೆನ್ನುವವರಿಗೆ ಪರ್ವತಗಳು ಈಗ ಸರಿಯಾದ ಜಾಗವೂ ಅಲ್ಲ. 1980ರ ದಶಕದಲ್ಲಿ ದೂರದ ದಾಖಲೆಗಳಿಗಾಗಿ ಪೈಲಟ್‌ಗಳು ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಎರಡೂ ಬದಿಯ ಪರ್ವತಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆಮೇಲೆ ಆ ಆಟ ಬಯಲಿಗೆ ಇಳಿಯಿತು. 2012ರ ಜುಲೈಯಲ್ಲಿ ಡಸ್ಟಿನ್ ಮಾರ್ಟಿನ್ 764 ಕಿಲೋಮೀಟರ್ ಹಾರಿದ್ದು ಟೆಕ್ಸಾಸಿನ ಝಪಾಟಾದಿಂದ ಹೊರಟು, ಸಮತಟ್ಟಾದ ನೆಲದ ಮೇಲೆ. ಅದೇ ದಿನ ಅವರ ಜೊತೆ ಹಾರಿದ ಜಾನಿ ಡ್ಯುರಾಂಡ್ ಕೇವಲ 3 ಕಿಲೋಮೀಟರ್ ಹಿಂದೆ ಇಳಿದರು. ಅಲ್ಲಿ ಬೆನ್ನಿಗೆ ಗಾಳಿ, ಸಾಲುಗಟ್ಟಿದ ಮೋಡಗಳು, ಇಳಿಯಲು ಬಯಲು. ಪರ್ವತಗಳಲ್ಲಿ ಗಾಳಿ ಪ್ರತಿ ಏಣಿಗೂ ಬೇರೆ, ಪ್ರತಿ ಗಂಟೆಗೂ ಬೇರೆ.

ನನ್ನ ಮಟ್ಟಿಗೆ ಅತ್ಯಂತ ತೃಪ್ತಿ ಕೊಟ್ಟ ಹಾರಾಟದ ದೂರ 54 ಕಿಲೋಮೀಟರ್, ಅದಕ್ಕೆ ತಗಲಿದ್ದು ನಾಲ್ಕೂವರೆ ಗಂಟೆ. ಇದನ್ನು ಹೇಳಿದರೆ ಸ್ಪರ್ಧೆಗಳಲ್ಲಿ ಹಾರುವ ಗೆಳೆಯರು ನಗುತ್ತಾರೆ. ಮಧ್ಯಾಹ್ನ 12:40ಕ್ಕೆ ಹೊರಟು ಮೊದಲ ಕಣಿವೆಯನ್ನು ದಾಟಿದಾಗ ಲೆಕ್ಕ ಕೈಕೊಟ್ಟಿತ್ತು. ಎದುರು ಸಾಲಿನ ಒಂದು ಉಪಏಣಿಗೆ ಬಂದು ಮುಟ್ಟಿದಾಗ ನೆಲದಿಂದ 400 ಮೀಟರ್ ಮಾತ್ರ ಮೇಲಿದ್ದೆ, ಇಡೀ ಇಳಿಜಾರಿನ ಮೇಲೆ ಮೋಡದ ನೆರಳು ಮಲಗಿತ್ತು. ಬಲಬದಿಯಲ್ಲಿ ಹೊಳೆಯ ತಿರುವಿನ ಆಚೆ ಒಂದು ಉದ್ದನೆಯ ಒಣಹುಲ್ಲಿನ ಬಯಲಿತ್ತು, ಎರಡು ವಾರ ಹಿಂದೆ ಅಲ್ಲಿ ನಡೆದು ನೋಡಿದ್ದೆ. ಅದು ಅಲ್ಲಿದ್ದುದರಿಂದಲೇ ನಾನು ಆ ಏಣನ್ನು ಬಿಡಲಿಲ್ಲ. ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆಯ ಏರುಗಾಳಿಯಲ್ಲಿ, ಏಣಿನ ಮುಂದೆ ಎಂಟರ ಆಕಾರದಲ್ಲಿ ಅತ್ತಿತ್ತ ಹಾರುತ್ತಾ, ನೆರಳಿನ ಅಂಚು ಹುಲ್ಲಿನ ಮೇಲೆ ಸರಿಯುವುದನ್ನು ಕಾಯುತ್ತಾ ನಲವತ್ತು ನಿಮಿಷ ಕಳೆದೆ. ಬಿಸಿಲು ಬಂಡೆಗಳನ್ನು ಮುಟ್ಟಿ ಹತ್ತು ನಿಮಿಷವಾಗಿರಬೇಕು, ನನಗಿಂತ ಕೆಳಗೆ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತಲಾರಂಭಿಸಿತು. ಅದರ ಮೇಲೆ ಹೋಗಿ ನಿಂತೆ. ಅಲ್ಲಿಂದ 1,900 ಮೀಟರ್ ಏರಿದೆ. ಉಳಿದ ಎರಡು ದಾಟುಗಳು ಸುಲಭವಾದವು. ಸಂಜೆ ಕಣಿವೆಯ ಶಾಖ ನಿಧಾನವಾಗಿ ಬಿಡುಗಡೆಯಾಗಿ ಗಾಳಿಯೆಲ್ಲ ಎಣ್ಣೆಯಂತೆ ನುಣುಪಾಗಿ ಏರುವ ಹೊತ್ತಿನಲ್ಲಿ, ಇಳಿಯಲು ಮನಸ್ಸಿಲ್ಲದೆ ಇಳಿದೆ. ಆ ಹಾರಾಟದಲ್ಲಿ ನೆನಪಿಗೆ ಬರುವುದು ಶಿಖರಗಳಲ್ಲ, ಆ ನಲವತ್ತು ನಿಮಿಷ. ಮತ್ತು ಹೊಳೆಯಾಚೆಯ ಬಯಲು ಇರದಿದ್ದರೆ ಆ ನಲವತ್ತು ನಿಮಿಷವನ್ನು ಕಾಯುವ ನೆಮ್ಮದಿ ನನಗೆ ಇರುತ್ತಿರಲಿಲ್ಲ.

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಮುಂಭಾಗದ ಸಾಲಿನುದ್ದಕ್ಕೂ ಹಾರಿ ಹೋಗಿ ತಿರುಗಿ ಅದೇ ಇಳಿದಾಣಕ್ಕೆ ಬರುವುದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ಹೋಗುವಾಗ ಒಂದು ಗಾಳಿ, ಬರುವಾಗ ಇನ್ನೊಂದು. ಬೆಳಿಗ್ಗೆ ಪೂರ್ವದ ಮುಖಗಳು ಕೆಲಸ ಮಾಡಿದರೆ ಮಧ್ಯಾಹ್ನದ ನಂತರ ಪಶ್ಚಿಮದ ಮುಖಗಳು, ಹೀಗೆ ಒಂದೇ ದಿನದಲ್ಲಿ ಕಲಿಯುವುದು ಬಹಳ. ಇದರ ಅಪಾಯ ಪರಿಚಯದಿಂದ ಬರುವ ಸಲುಗೆ: ಇಳಿದಾಣ ಕಣ್ಣಿಗೆ ಕಾಣುತ್ತಿದೆಯೆಂಬ ಧೈರ್ಯದಲ್ಲಿ ಇಳಿಜಾರಿಗೆ ತೀರಾ ಹತ್ತಿರ, ತೀರಾ ನಿಧಾನವಾಗಿ ಹಾರುವುದು, ಕೊರಕಲುಗಳೊಳಗೆ ನುಗ್ಗುವುದು. ಬಯಲುಸೀಮೆಯಲ್ಲಿ ಎಳೆತದ ಮೂಲಕ, ಅಂದರೆ ಗ್ಲೈಡರನ್ನು ಹಗ್ಗದಿಂದ ಎಳೆಸಿಕೊಂಡು, ಮೇಲೇರಿ ದೂರ ಹಾರುವುದನ್ನು ಕಲಿತು ಬರುವುದು ಇನ್ನೊಂದು ದಾರಿ. ಗೊತ್ತಿಲ್ಲದ ಹೊಲಗಳಲ್ಲಿ ಇಳಿಯುವ ಅಭ್ಯಾಸ ಅಲ್ಲಿ ಬೇಗ ಆಗುತ್ತದೆ. ಆದರೆ ಎಳೆತದ ಹಗ್ಗಕ್ಕೆ ತನ್ನದೇ ಅಪಾಯಗಳಿವೆ, ಅದನ್ನು ಬಲ್ಲವರಿಂದ ಪ್ರತ್ಯೇಕವಾಗಿ ಕಲಿಯಬೇಕು. ಅನುಭವಿ ಜೊತೆಗಾರನೊಂದಿಗೆ ಹೋಗುವುದನ್ನು ನಾನು ಬೇಡವೆನ್ನುವುದಿಲ್ಲ. ಅವರ ಹಿಂದೆ ಹೋಗುವ ಬದಲು ಪಕ್ಕದಲ್ಲಿ ಹೋಗಿ, ಪ್ರತಿ ದಾಟಿಗೂ ಮೊದಲು ರೇಡಿಯೋದಲ್ಲಿ ನಿಮ್ಮ ನಿರ್ಧಾರವನ್ನು ನೀವೇ ಮೊದಲು ಹೇಳಿ.

ಇನ್ನು ಆ 9 ಕಿಲೋಮೀಟರ್ ಕಣಿವೆ. ಅದನ್ನು ದಾಟಬೇಕೆಂಬ ಆಸೆ ನಿಮಗೆ ಇದ್ದೇ ಇದೆ, ಇಲ್ಲದಿದ್ದರೆ ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಒಂದು ದಿನ ಗ್ಲೈಡರನ್ನು ಮನೆಯಲ್ಲಿ ಬಿಟ್ಟು, ಮಧ್ಯಾಹ್ನ ಮೂರರ ಹೊತ್ತಿಗೆ, ಹಾರುವ ಹವಾಮಾನ ಇರುವಾಗಲೇ, ಆ ಕಣಿವೆಗೆ ಹೋಗಿ. ಕಣಿವೆಗಾಳಿ ಎತ್ತಣಿಂದ, ಎಷ್ಟು ಜೋರಾಗಿ ಬೀಸುತ್ತದೆ ಎಂಬುದನ್ನು ನಿಂತು ಅನುಭವಿಸಿ. ದೂರದೂರವಾಗಿ ಮೂರು ಹೊಲಗಳನ್ನು ಗುರುತಿಸಿ, ಹೊಲದವರನ್ನು ಮಾತಾಡಿಸಿ, ತಂತಿಗಳನ್ನು ನಕ್ಷೆಯಲ್ಲಿ ಬರೆದುಕೊಳ್ಳಿ, ಮೊಬೈಲ್ ಸಂಪರ್ಕ ಎಲ್ಲಿ ತಪ್ಪುತ್ತದೆ ಎಂದು ನೋಡಿಕೊಳ್ಳಿ. ಸಂಪರ್ಕವಿಲ್ಲದ ಕಣಿವೆಯಾದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವಿಲ್ಲದೆ ಅಲ್ಲಿಗೆ ಹಾರಬೇಡಿ. ಹಾರುವ ದಿನ, ಏಣಿನ ಮೇಲೆ ಇಂತಿಷ್ಟು ಎತ್ತರ ಸಿಗದಿದ್ದರೆ ದಾಟುವುದಿಲ್ಲ ಎಂಬ ಅಂಕಿಯನ್ನು ನೆಲದ ಮೇಲೆಯೇ ಬರೆದಿಟ್ಟುಕೊಳ್ಳಿ. ಕೆಟ್ಟ ಲೆಕ್ಕದ 5ಕ್ಕೆ 1ರಲ್ಲಿಯೂ ಮೊದಲ ಹೊಲದ ಮೇಲೆ 300 ಮೀಟರ್ ಉಳಿಯುವಂತಿರಲಿ. ದಾಟುತ್ತಿರುವಾಗ ಕಣಿವೆಯ ಮೂರನೇ ಒಂದು ಭಾಗ ಕಳೆಯುವುದರೊಳಗೆ ಆ ಲೆಕ್ಕಕ್ಕಿಂತಲೂ ಕೆಳಗೆ ಬಂದಿದ್ದರೆ, ಎದುರು ಸಾಲನ್ನು ಮರೆತು ಗುರುತಿಸಿಟ್ಟ ಹೊಲದತ್ತ ತಿರುಗಿ. ಅಲ್ಲಿಂದ ಹಿಂದಿನ ಏಣಿಗೆ ಮರಳುವ ಪ್ರಯತ್ನ ಮಾಡಬೇಡಿ, ನಿಮ್ಮನ್ನು ಕೆಳಗಿಳಿಸಿದ ಅದೇ ಇಳಿಗಾಳಿಯನ್ನು ಎರಡನೇ ಸಲ ದಾಟಬೇಕಾಗುತ್ತದೆ, ಅದೂ ಏಣಿನ ಮರೆಯೊಳಕ್ಕೆ.

ಪ್ಯಾರಾಗ್ಲೈಡರಿಗೆ ಬದಲಾಗುವ ಪ್ರಶ್ನೆ ಉಳಿಯಿತು. ಚೌಕಟ್ಟಿಲ್ಲದ ಆ ಬಟ್ಟೆಯ ರೆಕ್ಕೆ ನಿಧಾನವಾಗಿ ಹಾರುತ್ತದೆ, ಸಣ್ಣ ಜಾಗದಲ್ಲಿ ಇಳಿಯುತ್ತದೆ, ಬೆನ್ನಿಗೆ ಹಾಕಿಕೊಂಡು ನಡೆದು ಬರಬಹುದು. ಎದುರುಗಾಳಿಯಲ್ಲಿ ಮಾತ್ರ ಹಿಂದೆ ಬೀಳುತ್ತದೆ, ಕ್ಷೋಭೆಯಲ್ಲಿ ಅದರ ರೆಕ್ಕೆ ಮಡಚಿಕೊಳ್ಳಬಲ್ಲದು. ಚೌಕಟ್ಟಿರುವ ನಿಮ್ಮ ರೆಕ್ಕೆ ಹಾಗೆ ಮಡಚಿಕೊಳ್ಳುವುದಿಲ್ಲ, ಇಳಿಗಾಳಿಯನ್ನು ವೇಗವಾಗಿ ಸೀಳಿ ಹೋಗುತ್ತದೆ, ಆದರೆ ನೆಲದ ಹತ್ತಿರ ಬಂದಮೇಲೆ ಇಳಿಯಲೊಲ್ಲದೆ ತೇಲುತ್ತಾ ಸಾಗುತ್ತದೆ. ಹೊಸ ಹೊಲದಲ್ಲಿ ಅಡ್ಡಿಯಿಲ್ಲದ 150 ಮೀಟರಾದರೂ ಸಿಗಲಿ ಎಂದು ನಾನು ಬಯಸುತ್ತೇನೆ. ಆ ಕಣಿವೆಗೆ ಹೋದಾಗ ಮೂರೂ ಹೊಲಗಳನ್ನು ಗಾಳಿಯ ದಿಕ್ಕಿನಲ್ಲಿ ಹೆಜ್ಜೆ ಹಾಕಿ ಅಳೆದು ನೋಡಿ. ಅಷ್ಟು ಉದ್ದ ಸಿಕ್ಕರೆ ಗ್ಲೈಡರನ್ನು ಬದಲಿಸಲು ನನಗೆ ಕಾರಣ ಕಾಣುವುದಿಲ್ಲ. ಸಿಗದಿದ್ದರೆ ಬೇರೆ ಏಣನ್ನು ಆರಿಸಿಕೊಳ್ಳಿ.